ಹೊನ್ನೆ ಮರದ ಧೂಳು ಹಿಡಿಯಲು ಹೋಗಿ

ಧೂಳು ಹಿಡಿಯುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂದು ನಾನು ನಂಬಿಕೊಂಡಿದ್ದ ಕಾಲವೊಂದಿತ್ತು. ಗಾಳಿ ಎಳೆಯಬೇಕು, ಗಾಳಿಯ ಹಿಂದೆ ಧೂಳು ಬರಬೇಕು, ಬಂದ ಧೂಳು ಚೀಲದಲ್ಲಿ ಕೂತುಕೊಳ್ಳಬೇಕು. ಇಷ್ಟೇ! ಕರೆದರೆ ನಾಯಿ ಬರುತ್ತದೆ, ಧೂಳು ಬರುವುದಿಲ್ಲವೇ?

ನಾನು ಮೊಳಕಾಲ್ಮೂರಿನಲ್ಲಿ ಬಡಗಿ. ಹೆಸರು ತಿಪ್ಪೇಶ. ಮನೆಯ ಹಿಂದುಗಡೆ ಶೀಟು ಹಾಕಿದ ಶೆಡ್ಡೇ ನನ್ನ ಕಾರ್ಖಾನೆ. ಶೆಡ್ಡಿಗೆ ಅಂಟಿಕೊಂಡೇ ಮನೆಯ ನಡುಕೋಣೆ. ಅಲ್ಲಿ ನನ್ನ ಹೆಂಡತಿ ಸರೋಜಳ ಗುಂಡಿಮಗ್ಗ. ಮದುವೆಗೆ ಮೊದಲೇ ಅವಳು ಕೂಲಿಗೆ ರೇಷ್ಮೆ ಸೀರೆ ನೇಯ್ದು ಕೈ ಪಳಗಿಸಿಕೊಂಡಿದ್ದಳು. ಮಗ್ಗ ಮಾತ್ರ ನಾನೇ ಮಾಡಿಕೊಟ್ಟದ್ದು. ಒಂದು ಕಡೆ ಅವಳ ಲಾಳಿಯ ಟಕಟಕ, ಇನ್ನೊಂದು ಕಡೆ ನನ್ನ ಕೀಸುಳಿಯ ಸರಸರ. ಎರಡು ರಾಜ್ಯಗಳು ಗಡಿತಂಟೆಯಿಲ್ಲದೆ ಬಾಳುತ್ತಿದ್ದವು. ಕೀಸುಳಿಯಿಂದ ಎದ್ದ ಮರದ ಸುರುಳಿ ನನ್ನ ಕಾಲಬುಡದಲ್ಲೇ ಬೀಳುತ್ತಿತ್ತು. ಅವ್ವ ಅದನ್ನು ಬಾಚಿಕೊಂಡು ಹೋಗಿ ಒಲೆಗೆ ಹಾಕುತ್ತಿದ್ದಳು.

ಆಮೇಲೆ ನಾನು ಕರೆಂಟಿನ ಮಷಿನ್ನು ತಂದೆ. ಕೊಯ್ಯುವುದೂ ಅದೇ, ನಯ ಮಾಡುವುದೂ ಅದೇ. ಒಂದು ವಾರದ ಕೆಲಸ ಒಂದೇ ದಿನಕ್ಕೆ ಮುಗಿಯತೊಡಗಿತು. ಒಂದು ವಾರದ ಧೂಳೂ ಒಂದೇ ದಿನಕ್ಕೆ ಏಳತೊಡಗಿತು! ಆ ಧೂಳು ಕಾಲಬುಡದಲ್ಲಿ ಬೀಳುವ ಮರ್ಯಾದಸ್ತ ಜಾತಿಯದ್ದಲ್ಲ. ಮೇಲೆದ್ದು ಮನೆಯೆಲ್ಲ ತಿರುಗಾಡಿ, ಮುದ್ದೆಯ ಮೇಲೆ ಕೂತು, ಅವ್ವನ ಎಲೆಅಡಿಕೆಯಲ್ಲಿ ಸೇರಿ, ಕೊನೆಗೆ ಸರೋಜಳ ಮಗ್ಗದ ಮೇಲೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು.

"ಏನ್ರಿ, ನಾನು ನೇಯ್ತಿರೋದು ರೇಷ್ಮೆ ಸೀರೆನೋ, ಗೋಣಿಚೀಲಾನೋ?" ಅಂದಳು ಸರೋಜ ಒಂದು ದಿನ.

ಅವಳಿಗೆ ಆಗ ರಾಂಪುರದ ರುದ್ರಪ್ಪನವರ ಮಗಳ ಧಾರೆ ಸೀರೆಯ ಕೆಲಸ ಬಂದಿತ್ತು. ಕೆಂಪು ಅಂಚಿನ ಹಾಲುಬಣ್ಣದ ಸೀರೆ. ರುದ್ರಪ್ಪನವರು ಕಾಳುಕಡಿಯ ದೊಡ್ಡ ವ್ಯಾಪಾರಿ. ಊರಲ್ಲಿ ಇಷ್ಟು ಮಗ್ಗ ಇದ್ದರೂ ಹುಡುಕಿಕೊಂಡು ಸರೋಜಳ ಹತ್ತಿರವೇ ಬಂದಿದ್ದರು. ಅವಳ ಹೆಸರಿನ ಪ್ರಶ್ನೆ. ಹಾಲುಬಣ್ಣದ ಮೇಲೆ ಒಂದು ಸೊಳ್ಳೆ ಕೂತರೂ ಗೊತ್ತಾಗುತ್ತದೆ. ನಾನೋ ಪಕ್ಕದಲ್ಲೇ ಹೊನ್ನೆ ಮರ ಕೊಯ್ಯುತ್ತಿದ್ದೆ.

"ಈ ಸೀರೆ ಮುಗಿಯೋ ತನಕ ನಿಮ್ಮ ಮಷಿನ್ನು ಬಂದ್ ಮಾಡ್ರಿ. ಇಲ್ಲಾಂದ್ರೆ ಮಗ್ಗ ಕಿತ್ಕೊಂಡು ನಮ್ಮ ಅಪ್ಪನ ಮನೆಗೆ ಹೋಗ್ತೀನಿ."

"ಎರಡೂ ನಡೀಬೇಕು," ಅಂದೆ ನಾನು ಗಂಭೀರವಾಗಿ. "ಅದಕ್ಕೊಂದು ವ್ಯವಸ್ಥೆ ಮಾಡ್ತೀನಿ."

ಹಿಂದೊಮ್ಮೆ ಬಳ್ಳಾರಿಯ ದೊಡ್ಡದೊಂದು ಮರದ ಕಾರ್ಖಾನೆಯಲ್ಲಿ ಆ ವ್ಯವಸ್ಥೆಯನ್ನು ಕಣ್ಣಾರೆ ಕಂಡಿದ್ದೆ. ಪ್ರತಿ ಮಷಿನ್ನಿಗೂ ಒಂದೊಂದು ಕೊಳವೆ. ಧೂಳು ಹುಟ್ಟಿದ ಕೂಡಲೇ ಕೊಳವೆಯೊಳಗೆ ಮಾಯ! ಅದಕ್ಕೆ ಡಸ್ಟ್ ಕಲೆಕ್ಟರ್ ಅಂತಾರೆ ಅಂತ ಅಲ್ಲಿಯವನೊಬ್ಬ ಹೇಳಿದ್ದ. ಕೈಯಲ್ಲಿದ್ದ ಚಹಾ ಆರುವ ತನಕ ಬಾಯಿ ಬಿಟ್ಟು ನೋಡಿದ್ದೆ. ಒಂದು ಚಹಾ ಆರುವಷ್ಟು ಹೊತ್ತು ನೋಡಿದ ಮೇಲೆ ಕಲಿಯುವುದಕ್ಕೆ ಇನ್ನೇನು ಉಳಿದಿರುತ್ತದೆ?

ಗೆಳೆಯ ಬೋರಣ್ಣನಿಗೆ ಹೇಳಿ ಕಳಿಸಿದೆ. ಬೋರಣ್ಣ ಪಂಪ್‌ಸೆಟ್ ಮೆಕ್ಯಾನಿಕ್ಕು. ಅವರ ಮನೆಯವರು ಕುರಿ ಸಾಕುವವರು, ಇವನೊಬ್ಬ ಮಾತ್ರ ಮೋಟಾರು ಸಾಕುತ್ತಾನೆ. ಎಂಥ ಮೋಟಾರು ಕೆಟ್ಟಿರಲಿ, ಅವನ ಬಾಯಲ್ಲಿ ಮೊದಲು ಬರುವ ಮಾತು "ಏಮೀ ಕಾದು." ಅಂದರೆ ಏನೂ ಆಗಲ್ಲ ಅಂತ. ಇವನು ಹಾಗಂದ ಮೇಲೆ ಸುಟ್ಟುಹೋದ ಮೋಟಾರುಗಳ ಸಂಖ್ಯೆ ತಾಲ್ಲೂಕಿನಲ್ಲಿ ಕಡಿಮೆಯೇನಿಲ್ಲ.

"ಧೂಳು ತಾನೇ? ಏಮೀ ಕಾದು ಮಾವ. ಒಂದು ಬ್ಲೋಯರ್ ತಗೊಂಡು ಬಾ, ಮಿಕ್ಕಿದ್ದು ನಾನು ನೋಡ್ಕೋತೀನಿ," ಅಂದ ಬೋರಣ್ಣ.

ಬ್ಲೋಯರ್ ಅಂದರೆ ಚಳ್ಳಕೆರೆಯೇ. ಅಲ್ಲಿ ಶೇಂಗಾ ಮಿಲ್ಲುಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು. ಶೇಂಗಾ ಸಿಪ್ಪೆ ಹಾರಿಸುವ ಬ್ಲೋಯರುಗಳು ಗುಜರಿ ಅಂಗಡಿಗಳಲ್ಲಿ ಬಿದ್ದುಕೊಂಡಿದ್ದವು. ಗುಜರಿಯ ಬಾಷಾ ಸಾಬರು ಒಂದನ್ನು ಒರೆಸಿ ತೋರಿಸಿದರು. ಬಾವಿಯ ಗಡಗಡೆಯನ್ನು ಬಸವನಹುಳು ನುಂಗಿದ ಹಾಗಿತ್ತು.

"ಇದು ಮಾಮೂಲಿ ಫ್ಯಾನ್ ಅಲ್ಲ ಉಸ್ತಾದ್. ಇದರ ಮುಂದೆ ನಿಂತ್ರೆ ನಿಮ್ಮ ಪಂಚೆ ಇಲ್ಲಿ ಬಿಚ್ಚಿ ನಾಯಕನಹಟ್ಟಿಯಲ್ಲಿ ಸಿಗ್ತದೆ!"

ಇದನ್ನು ನಾನು ಎಚ್ಚರಿಕೆ ಅಂತ ತಿಳಿಯಬೇಕಿತ್ತು. ಹೊಗಳಿಕೆ ಅಂತ ತಿಳಿದೆ.

ಬಸ್ಸಿನ ಟಾಪಿಗೆ ಅದನ್ನು ಏರಿಸುವಾಗ ಕಂಡಕ್ಟರ್ ಕೆಳಗಿನಿಂದ ಕೇಳಿದ. "ಏನಣ್ಣ ಇದು, ಹೆಲಿಕಾಪ್ಟರ್ ಸಾಮಾನಾ?"

"ಡಸ್ಟ್ ಕಲೆಕ್ಟರ್ ಕಣಪ್ಪ. ಧೂಳು ಎಳೆಯೋದು."

ಅವನು ಒಂದು ಸಲ ರಸ್ತೆ ನೋಡಿದ, ಒಂದು ಸಲ ನನ್ನನ್ನು ನೋಡಿದ. "ಹಂಗಾದ್ರೆ ದಾರೀಲಿ ಚಾಲೂ ಮಾಡ್ಕೊಂಡೇ ಬಾ. ಪುಣ್ಯ ಬರ್ತೈತೆ."

ನಗುವವರು ನಗಲಿ. ವಿಜ್ಞಾನಿಗಳೆಲ್ಲ ಇಂಥ ಮಾತು ಕೇಳಿಸಿಕೊಂಡೇ ಮುಂದೆ ಬಂದವರು ಎಂದು ನನಗೆ ನಾನೇ ಹೇಳಿಕೊಂಡು ಕಿಟಕಿ ಪಕ್ಕ ಕೂತೆ.

ಕೊಳವೆಗೆ ಬೋರ್‌ವೆಲ್ಲಿನ ಪೈಪು ಆಯಿತು. ಧೂಳು ಹಿಡಿಯುವ ಚೀಲಕ್ಕೆ ಏನು ಮಾಡುವುದು? ಗೋಣಿಚೀಲ ಹಾಕಿದರೆ ಧೂಳು ಸಂದಿಯಲ್ಲಿ ನುಸುಳುತ್ತದೆ. ಬೋರಣ್ಣ ತನ್ನ ಮನೆಯಿಂದ ಹಳೆಯ ಕಂಬಳಿ ಹೊತ್ತುಕೊಂಡು ಬಂದ.

"ನಮ್ಮ ಕಂಬಳಿ ಮಳೇನೇ ಒಳಗೆ ಬಿಡಲ್ಲ. ಧೂಳ್ನ ಹೊರಗೆ ಬಿಡ್ತೈತಾ?"

ದಬ್ಬಳ, ಸುತಲಿ ಹಿಡಿದು ನಾನೇ ಕೂತು ಕಂಬಳಿಯನ್ನು ಚೀಲವಾಗಿ ಹೊಲಿದೆ. ಬ್ಲೋಯರನ್ನು ಶೆಡ್ಡಿನ ಮೂಲೆಯಲ್ಲಿ ಕೂರಿಸಿ, ಅದರಿಂದ ಪೈಪನ್ನು ಮೇಲೆ ಹತ್ತಿಸಿ, ಮನೆಯ ಮಾಳಿಗೆಯ ಮೇಲೆ ಚೀಲ ಕಟ್ಟುವುದು ಎಂದು ತೀರ್ಮಾನವಾಯಿತು. ನಮ್ಮದು ಮಣ್ಣಿನ ಮಾಳಿಗೆ. ಮಗ್ಗಕ್ಕೆ ಬೆಳಕು ಬೀಳಲಿ ಅಂತ ಮಧ್ಯದಲ್ಲಿ ಒಂದು ಬೆಳಕಿಂಡಿ ಇದೆ.

ಸರೋಜ ಕೆಳಗಿನಿಂದ ಕೂಗಿದಳು. "ಏನ್ರಿ, ಬೆಳಕಿಂಡಿ ಐತೆ ನೋಡ್ರಿ ಅಲ್ಲಿ!"

"ಚೀಲ ಐತಲ್ಲೇ! ಚೀಲ ಇರೋದು ಯಾಕೆ ಮತ್ತೆ?" ಅಂದೆ. ತಾಂತ್ರಿಕ ವಿಷಯಗಳನ್ನು ಹೆಂಗಸರಿಗೆ ಅರ್ಥಮಾಡಿಸುವುದು ಕಷ್ಟ ಎಂದು ಆಗ ನನಗನ್ನಿಸಿತ್ತು. ಆಗ ಅನ್ನಿಸಿದ್ದನ್ನು ಇದ್ದಂತೆ ಹೇಳುತ್ತಿದ್ದೇನೆ, ಅಷ್ಟೇ.

ಮೊದಲ ಪ್ರಯೋಗಕ್ಕೆ ನಿಂಬೆಹಣ್ಣು ಕುಯ್ದು, ಕಾಯಿ ಒಡೆದು, ಊದುಬತ್ತಿ ಹಚ್ಚಿದೆವು. ಅವ್ವ ಬಂದಳು, ಸರೋಜ ಬಂದಳು, ಪಕ್ಕದ ಮನೆಯ ಕಮಲಕ್ಕ ಬಂದಳು. ಶೆಡ್ಡಿನಲ್ಲಿ ಮೊಣಕಾಲುದ್ದ ಹೊಟ್ಟಿನ ರಾಶಿ ಇತ್ತು. ನೋಡುವವರಿಗೆ ವ್ಯವಸ್ಥೆಯ ಶಕ್ತಿ ತಿಳಿಯಲಿ ಅಂತ ನಾನೇ ಅದನ್ನು ಗುಡಿಸದೆ ಬಿಟ್ಟಿದ್ದೆ. ಕೊಳವೆಯ ಬಾಯನ್ನು ರಾಶಿಗೆ ಹಿಡಿದೆ. "ಹಾಕು ಬೋರಣ್ಣ!"

ಬೋರಣ್ಣ ಸ್ವಿಚ್ ಹಾಕಿದ.

ಒಂದು ಸಣ್ಣ ವಿಷಯ. ಬ್ಲೋಯರಿಗೆ ಎರಡು ಬಾಯಿ. ಒಂದು ಎಳೆಯುವುದು, ಒಂದು ಊದುವುದು. ಬೋರಣ್ಣ ಶೆಡ್ಡಿನ ಕೊಳವೆಯನ್ನು ಊದುವ ಬಾಯಿಗೆ ಕೂಡಿಸಿದ್ದ!

ಗಾಳಿ ನಿಂತ ಮೇಲೆ ನೋಡಿದರೆ ಶೆಡ್ಡಿನಲ್ಲಿ ಐದು ಜನ ಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗೆ ನಿಂತಿದ್ದೆವು. ಯಾರು ಯಾರೆಂದು ಎತ್ತರದಿಂದ ಗುರುತು ಹಿಡಿಯಬೇಕಾಯಿತು. ಊದುಬತ್ತಿ ಆರಿಹೋಗಿತ್ತು. ಅವ್ವ ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, "ಲೇ ತಿಪ್ಪಾ, ಇದು ಧೂಳು ಹಿಡಿಯೋದೋ, ಹಂಚೋದೋ?" ಅಂದಳು.

"ಏಮೀ ಕಾದು ಅವ್ವ," ಅಂತ ಬೋರಣ್ಣನ ಎತ್ತರದ ಒಂದು ಹಿಟ್ಟಿನ ಗೊಂಬೆ ಹೇಳಿತು.

ಪೈಪನ್ನು ಬದಲಿಸಿದೆವು. ಈಗ ಬ್ಲೋಯರ್ ಎಳೆಯತೊಡಗಿತು. ಎಳೆಯಿತು ಅಂದರೆ ಅಂತಿಂಥ ಎಳೆತವಲ್ಲ! ಹೊಟ್ಟು ಎಳೆಯಿತು, ಕಿವಿಯ ಮೇಲಿಟ್ಟಿದ್ದ ನನ್ನ ಪೆನ್ಸಿಲ್ ಎಳೆಯಿತು, ಹೆಗಲ ಮೇಲಿನ ಟವೆಲ್ ಎಳೆಯಿತು. ಅವ್ವ ಬಾಗಿ ನೋಡುವಷ್ಟರಲ್ಲಿ ಅವಳ ಎಲೆಅಡಿಕೆ ಚೀಲ ಎಳೆದುಕೊಂಡಿತು. ಕೊಳವೆಯ ಮೊಣಕೈಯಲ್ಲಿ ಟವೆಲ್ಲೂ ಎಲೆಅಡಿಕೆ ಚೀಲವೂ ತಬ್ಬಿಕೊಂಡು ಕೂತವು. ಪೈಪು ಬಿಚ್ಚಿ ಎರಡನ್ನೂ ಬೇರೆ ಮಾಡುವಷ್ಟರಲ್ಲಿ ಸಂಜೆಯಾಯಿತು.

ಅದು ಸರಿಹೋಯಿತು. ಆಮೇಲೆ ಎಂಟು ಹತ್ತು ದಿನ ನನ್ನ ವ್ಯವಸ್ಥೆ ನಿಜವಾಗಿಯೂ ಕೆಲಸ ಮಾಡಿತು. ಮುದ್ದೆ ಮುದ್ದೆಯ ಹಾಗಿತ್ತು. ಮಗ್ಗದ ಮೇಲೆ ಹಾಲುಬಣ್ಣದ ಸೀರೆ ಅರ್ಧಕ್ಕೆ ಬಂದಿತ್ತು, ಒಂದು ಚುಕ್ಕೆಯಿಲ್ಲ. ಸರೋಜ ಬಾಯಿಬಿಟ್ಟು ಹೊಗಳಲಿಲ್ಲ, ಆದರೆ ರಾತ್ರಿ ಊಟಕ್ಕೆ ಕೂತಾಗ ಕೇಳದೆಯೇ ಇನ್ನೊಂದು ಸೌಟು ತುಪ್ಪ ಬಿತ್ತು. ನನಗೆ ಅರ್ಥವಾಯಿತು. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಒಳಗೆ ಕೂರಿಸಿ ಬ್ಲೋಯರ್ ತೋರಿಸತೊಡಗಿದೆ.

ತಕರಾರು ಇದ್ದದ್ದು ಕಮಲಕ್ಕನದು ಮಾತ್ರ. ನಾನು ಸ್ವಿಚ್ ಹಾಕಿದರೆ ವೋಲ್ಟೇಜ್ ಇಳಿದು ಅವಳ ಮನೆಯ ಟೀವಿಯ ಚಿತ್ರ ಕುಗ್ಗುತ್ತಿತ್ತು. ಧಾರಾವಾಹಿಯ ಅತ್ತೆ, ಸೊಸೆ, ಮಾವ ಎಲ್ಲರೂ ಅಂಗೈ ಅಗಲದಲ್ಲಿ ನಿಂತು ಜಗಳವಾಡುತ್ತಿದ್ದರು.

"ನಿನ್ನ ಭೂತ ನಿಲ್ಲಿಸೋ ತಿಪ್ಪೇಶ. ಅಳೋರು ಯಾರು, ನಗೋರು ಯಾರು ಒಂದೂ ತಿಳಿಯಲ್ಲ," ಎಂದು ಒಂದು ಮಧ್ಯಾಹ್ನ ಕಮಲಕ್ಕ ಶೆಡ್ಡಿಗೇ ಬಂದಳು.

ತಿಳಿಯದವರಿಗೆ ತಿಳಿಸುವುದು ನನ್ನ ಧರ್ಮ. "ಕಮಲಕ್ಕ, ಕೂತ್ಕೋ," ಅಂದೆ. ಬ್ಲೋಯರ್ ಚಾಲೂ ಮಾಡಿದೆ. ಹೊನ್ನೆಯ ದೊಡ್ಡ ತೊಲೆಯನ್ನು ಮಷಿನ್ನಿಗೆ ಕೊಟ್ಟೆ. "ನೋಡು, ಧೂಳು ಎಲ್ಲೈತೆ? ಹುಡುಕು. ಸಿಗ್ತೈತಾ? ಸಿಗಲ್ಲ! ಎಲ್ಲಿ ಹೋಯ್ತು?"

ಎಲ್ಲಿ ಹೋಗಿತ್ತು ಎಂದು ನಾನೂ ಯೋಚಿಸಿರಲಿಲ್ಲ. ಚೀಲವನ್ನು ಖಾಲಿ ಮಾಡಬೇಕು ಎಂಬ ಮಾತು ಅಷ್ಟು ದಿನವೂ ನನ್ನ ತಲೆಗೆ ಬಂದಿರಲಿಲ್ಲ. ಮಾಳಿಗೆಯ ಮೇಲೆ ಕಂಬಳಿ ಚೀಲ ದಿನ ತುಂಬಿದ ಎಮ್ಮೆಯ ಹಾಗೆ ಉಬ್ಬಿಕೊಂಡಿತ್ತು. ಬೋರಣ್ಣ ಹೇಳಿದ್ದು ನಿಜ, ಮಳೆಯನ್ನೇ ಬಿಡದ ಕಂಬಳಿ ಗಾಳಿಯನ್ನಾದರೂ ಯಾಕೆ ಬಿಟ್ಟೀತು? ಜೊತೆಗೆ ಆಷಾಢದ ಗಾಳಿ ಬೇರೆ ಅದನ್ನು ತಳ್ಳಿ ತಳ್ಳಿ ಬೆಳಕಿಂಡಿಯ ಪಕ್ಕಕ್ಕೇ ತಂದು ನಿಲ್ಲಿಸಿತ್ತು.

ಡಬ್!

ಮಾಳಿಗೆಯ ಮೇಲೆ ಯಾರೋ ಮೂಟೆ ಎತ್ತಿ ಹಾಕಿದ ಸದ್ದು. ಆಮೇಲೆ ಬುಸ್ಸೆಂದು ಸುರಿಯುವ ಸದ್ದು. ಲಾಳಿಯ ಟಕಟಕ ನಿಂತಿತು.

ನಾನು ಮಷಿನ್ನು ಆರಿಸಿ ನಡುಕೋಣೆಗೆ ಓಡಿದೆ. ಕೋಣೆ ಕತ್ತಲು. ಬೆಳಕಿಂಡಿಯ ತುಂಬ ಹೊಟ್ಟು ಸುರಿಯುತ್ತಿತ್ತು. ಅಷ್ಟೂ ದಿನ ಒಂದು ಕಣ ಬಿಡದೆ ಕೂಡಿಟ್ಟ ಧೂಳು ಒಂದೇ ಸಲಕ್ಕೆ ತನಗೆ ಎಲ್ಲಿಗೆ ಹೋಗಬಾರದು ಎಂದು ಹೇಳಿದ್ದೆವೋ ಅಲ್ಲಿಗೇ ಬಂದಿಳಿದಿತ್ತು. ಮಗ್ಗ ಕಾಣುತ್ತಿರಲಿಲ್ಲ. ಮಗ್ಗದ ಗುಂಡಿಯೊಳಗಿಂದ ಒಂದು ಹಳದಿ ಆಕೃತಿ ನಿಧಾನವಾಗಿ ಎದ್ದು ನಿಂತಿತು. ರೆಪ್ಪೆ ಎರಡು ಸಲ ಬಡಿದು ಧೂಳು ಉದುರಿಸಿ ನನ್ನನ್ನು ನೋಡಿತು.

"ಹಿಡಿದ್ರಾ?" ಅಂದಳು ಸರೋಜ.

ಅಷ್ಟೇ ಅಂದದ್ದು. ಕಣ್ಣು ತೊಳೆಯಲು ಹಿತ್ತಲಿಗೆ ಹೋದಳು.

ಇಲ್ಲಿಗೆ ಮುಗಿದಿದ್ದರೆ ನಾನು ಮಾಡಿದ್ದು ಅರ್ಧ ಅನಾಹುತ. ಒಣ ಧೂಳು, ಮೆಲ್ಲಗೆ ಊದಿ ಕೊಡವಿದರೆ ಹೋಗುತ್ತಿತ್ತು. ಆದರೆ ನನಗೆ ಸಹಾಯ ಮಾಡುವ ಚಟ. ಅವಳು ಬರುವುದರೊಳಗೆ ಎಲ್ಲ ಸರಿಮಾಡಿಬಿಡಬೇಕು ಎಂದುಕೊಂಡೆ. ಅಂಗಳ ಗುಡಿಸುವ ಮುಂಚೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ, ಅವ್ವ ದಿನಾ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ತಂಬಿಗೆ ತಗೊಂಡು ಮಗ್ಗದ ಮೇಲೆ ಚಿಮುಕಿಸಿದೆ.

ಹೊನ್ನೆ ಮರದ ಗುಣ ಒಂದಿದೆ. ನೀರು ತಾಗಿದರೆ ಅದು ಬಣ್ಣ ಬಿಡುತ್ತದೆ, ಗಾಢ ಹಳದಿ. ಒದ್ದೆ ಕೈಯಲ್ಲಿ ಹೊನ್ನೆ ಮುಟ್ಟಿದರೆ ಕೈ ಹಳದಿ, ಅಂಗಿ ಹಳದಿ. ಬಡಗಿಯಾದವನಿಗೆಲ್ಲ ಗೊತ್ತಿರುವ ವಿಷಯ. ನನಗೂ ಗೊತ್ತು! ಹೊಸಬರಿಗೆ ನಾನೇ ಹೇಳಿಕೊಡುವ ಪಾಠ ಅದು.

"ಬ್ಯಾಡ್ರೀ!" ಎಂದು ಬಾಗಿಲಲ್ಲಿ ಸರೋಜ ಕೂಗುವ ಹೊತ್ತಿಗೆ ತಂಬಿಗೆ ಖಾಲಿಯಾಗಿತ್ತು.

ಕೈಯಿಂದ ಹೊಟ್ಟು ಸರಿಸಿ ನೋಡಿದೆವು. ನೇಯ್ದ ಭಾಗದಲ್ಲೂ, ಮುಂದೆ ನೇಯಲು ಬಿಗಿದಿದ್ದ ಹಾಸಿನ ಎಳೆಗಳಲ್ಲೂ ಹಳದಿ ಮಚ್ಚೆ ಮೆಲ್ಲಗೆ ಹರಡುತ್ತಿತ್ತು. ಒಂದು ನಮ್ಮ ತಾಲ್ಲೂಕಿನ ನಕಾಶೆಯ ಹಾಗಿತ್ತು, ಇನ್ನೊಂದು ಆಡಿನ ಹಾಗೆ.

ಸದ್ದು ಕೇಳಿ ಬಂದಿದ್ದ ಬೋರಣ್ಣ ಮಗ್ಗವನ್ನು ಸುತ್ತು ಹಾಕಿ ನೋಡಿದ. "ಏಮೀ ಕಾದು. ಧಾರೆ ಸೀರೆ ತಾನೇ? ಅರಿಶಿನ ಅಂತ ಹೇಳೋಣ. ಶುಭ."

ಸರೋಜ ಅವನ ಕಡೆ ತಿರುಗಿದಳು. ಬೋರಣ್ಣನಿಗೆ ಜಟಿಂಗ ರಾಮೇಶ್ವರದ ಕಡೆ ಯಾವುದೋ ತೋಟದಲ್ಲಿ ಮೋಟಾರು ಕೆಟ್ಟಿರುವುದು ತಟ್ಟನೆ ನೆನಪಾಯಿತು. ಹೊರಟೇಹೋದ.

ಅವಳು ಬೈಯಲಿಲ್ಲ. ಮಗ್ಗದ ಅಂಚಿನಲ್ಲಿ ಕೂತು, ಕೆಟ್ಟ ಜಾಗದ ಮೇಲೆ ಅಂಗೈ ಇಟ್ಟುಕೊಂಡಳು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಬೈದಿದ್ದರೆ ನಾನೂ ಎರಡು ಮಾತು ಆಡಿ ಗೆಲ್ಲಬಹುದಿತ್ತು. ಸುಮ್ಮನೆ ಕೂತವಳ ಎದುರು ತಂಬಿಗೆ ಹಿಡಿದು ನಿಂತಿರುವುದಕ್ಕಿಂತ ದೊಡ್ಡ ಶಿಕ್ಷೆ ನನಗೆ ಗೊತ್ತಿಲ್ಲ.

"ಬ್ಲೇಡ್ ಕೊಡ್ರಿ," ಅಂದಳು ಕೊನೆಗೆ.

ಅರ್ಧ ಸೀರೆಯನ್ನು ಕತ್ತರಿಸಿ ತೆಗೆದಳು. ಕಲೆಯಾದ ಎಳೆಗಳನ್ನು ಮುಂದಕ್ಕೆ ಎಳೆದು ಬಿಟ್ಟಳು. ಪುಣ್ಯಕ್ಕೆ ಹಾಸಿನಲ್ಲಿ ಇನ್ನೊಂದು ಸೀರೆಗಾಗುವಷ್ಟು ಉದ್ದ ಉಳಿದಿತ್ತು. ಮೊದಲಿಂದ ಶುರು. ಮದುವೆಯ ದಿನ ಮಾತ್ರ ಮುಂದಕ್ಕೆ ಹೋಗುವಂತಿರಲಿಲ್ಲ.

"ಸರೋಜ, ನಾನೇನಾದ್ರೂ..."

"ಕಂಡಿಕೆ ಸುತ್ತಿ ಕೊಡ್ರಿ. ನಾನು ಮಗ್ಗ ಬಿಟ್ಟು ಏಳೋಹಂಗಿಲ್ಲ."

ಲಾಳಿಯೊಳಗೆ ಹಾಕುವ ನೂಲನ್ನು ರಾಟೆಯಲ್ಲಿ ಸಣ್ಣ ಕಡ್ಡಿಗೆ ಸುತ್ತಬೇಕು. ಅದೇ ಕಂಡಿಕೆ. ಸಾಮಾನ್ಯವಾಗಿ ಮನೆಯ ಮುದುಕಿಯರು ಕಥೆ ಹೇಳಿಕೊಂಡು ಮಾಡುವ ಕೆಲಸ. ತೊಲೆ ಎತ್ತುವ ನಾನು ರಾಟೆಯ ಮುಂದೆ ಕೂತೆ. ಎಳೆ ಹಿಡಿದರೆ ಕೈಯಲ್ಲಿದೆಯೋ ಇಲ್ಲವೋ ತಿಳಿಯದು. ಇದೆ ಎಂದು ತಿಳಿಯುವಷ್ಟು ಹಿಡಿದರೆ ಕಡಿದುಹೋಗುವುದು.

"ಅದು ತೊಲೆ ಅಲ್ಲ, ಎಳೆ. ಹಿಡೀಬ್ಯಾಡ್ರಿ. ಬೆರಳ ಮೇಲೆ ಹರಿಯೋಕೆ ಬಿಡ್ರಿ."

ಮಷಿನ್ನಿಗೆ ಗೋಣಿ ಹೊದಿಸಿ ಬೆಳಗಿನಿಂದ ಸಂಜೆವರೆಗೆ ರಾಟೆ ತಿರುಗಿಸಿದೆ. ಬಾಗಿಲಿನಲ್ಲಿ ಇಣುಕಿ ನೋಡಿದ ಕಮಲಕ್ಕ, "ಈಗ ಟೀವಿ ಚೆನ್ನಾಗಿ ಬರ್ತೈತೆ ತಿಪ್ಪೇಶ," ಎಂದು ಹೇಳಿಹೋದಳು. ಮೂರ್ನಾಲ್ಕು ದಿನಕ್ಕೆ ಕೈ ಕುದುರಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ನೇಯುವುದನ್ನು ಪಕ್ಕದಲ್ಲಿ ಕೂತು ನೋಡಿದ್ದು ಅದೇ ಮೊದಲು. ಆ ಮಗ್ಗ ಮಾಡಿದವನು ನಾನೇ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಅದರಲ್ಲಿ ಏನು ನಡೆಯುತ್ತದೆ ಎಂದು ಮಾತ್ರ ನೋಡಿರಲಿಲ್ಲ.

ಹಾಗೆ ಕೂತಿದ್ದಾಗ ಒಂದು ದಿನ ಸರೋಜ ಲಾಳಿ ಓಡಿಸುತ್ತಲೇ ಹೇಳಿದಳು. "ಅಲ್ಲಾ, ಆ ಶೆಡ್ಡಿಗೂ ಈ ಕೋಣೆಗೂ ನಡುವೆ ಒಂದು ಕದ ಹಾಕಿದ್ರೆ ಸಾಕಾಗ್ತಿರಲಿಲ್ವಾ?"

ತಿರುಗಿ ನೋಡಿದೆ. ಬಾಗಿಲಿಗೆ ಚೌಕಟ್ಟು ಇತ್ತು. ಒಂದು ಹರಕು ಪರದೆ ಇತ್ತು. ಕದ ಇರಲಿಲ್ಲ! ಮೊಳಕಾಲ್ಮೂರಿನಲ್ಲಿ ನಾನು ಕದ ಕೂರಿಸದ ಬೀದಿಯಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ವ್ಯವಸ್ಥೆ ಮಾಡ್ತೀನಿ ಅಂದ್ರಲ್ಲ. ಕದ ಮಾಡ್ತೀನಿ ಅಂದಿದ್ರೆ ಹೇಳ್ತಿದ್ದೆ."

ಮದುವೆಗೆ ಇನ್ನೂ ಸ್ವಲ್ಪ ಸಮಯವಿರುವಾಗಲೇ ಸೀರೆ ಮಗ್ಗದಿಂದ ಇಳಿಯಿತು. ಬ್ಲೋಯರನ್ನು ಬೋರಣ್ಣ ತನ್ನ ಅಣ್ಣನ ಹೊಲಕ್ಕೆ ಒಯ್ದ. ಅಲ್ಲಿ ಅದು ಕಣದಲ್ಲಿ ಶೇಂಗಾ ಹೊಟ್ಟು ಹಾರಿಸುತ್ತಾ ಸುಖವಾಗಿದೆಯಂತೆ. ನಾನು ಕದಕ್ಕೆ ಕೈ ಹಾಕಿದೆ. ಅರ್ಧ ದಿನದ ಕೆಲಸ. ಕದ ಅಳತೆಗಿಂತ ಕೂದಲೆಳೆಯಷ್ಟು ಉದ್ದವಾಗಿ ಕೆಳಗೆ ಉಜ್ಜುತ್ತಿತ್ತು. ಬಿಚ್ಚಿ ಸ್ವಲ್ಪ ಕೊಯ್ದೆ. ಮತ್ತೂ ಉಜ್ಜಿತು. ಸಿಟ್ಟು ಬಂದು ಮತ್ತೆ ಬಿಚ್ಚಿ ಒಂದು ಗೇಣು ಕೊಯ್ದುಬಿಟ್ಟೆ. ಮೂರನೆಯ ಸಲ ಕೂರಿಸಿದಾಗ ಉಜ್ಜಲಿಲ್ಲ. ಕೆಳಗಿನ ಸಂದಿಯಲ್ಲಿ ಒಂದು ಕೋಳಿ ತಲೆ ಬಗ್ಗಿಸದೆ ಈ ಕಡೆಯಿಂದ ಆ ಕಡೆಗೆ ಹೋಯಿತು. ನೋಡಿದರೆ ಅಡ್ಡಿಯಾಗಿದ್ದದ್ದು ಕದವಲ್ಲ, ಹೊಸ್ತಿಲ ಮೇಲೆ ಬಿದ್ದಿದ್ದ ಒಂದು ಚಕ್ಕೆ!

ರುದ್ರಪ್ಪನವರು ಸೀರೆ ಒಯ್ಯಲು ಬಂದದ್ದು ಮಾರನೆಯ ದಿನವೇ. ಸೀರೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಅರಳಿತು. "ನಿನ್ನ ಕೈಗೆ ಚಿನ್ನದ ಬಳೆ ಹಾಕಬೇಕಮ್ಮ," ಅಂದರು. ಸರೋಜ ತಲೆ ತಗ್ಗಿಸಿ ನಕ್ಕಳು. ಆಮೇಲೆ ಅವರು ನನ್ನ ಕಡೆ ತಿರುಗಿ, "ರಾಂಪುರದಲ್ಲಿ ಮನೆ ಕಟ್ಟಿಸ್ತಿದೀವಿ. ಬಾಗಿಲು ಕಿಟಕಿ ಎಲ್ಲಾ ನಿಮಗೇ ಕೊಡೋಣ ಅಂತಿದ್ದೆ," ಅನ್ನುವಾಗ ಅವರ ಕಣ್ಣು ಹೊಸ ಕದದ ಮೇಲೆ ಬಿತ್ತು. ಬಗ್ಗಿ ಕೆಳಗಿನ ಸಂದಿ ನೋಡಿದರು. ಕೈ ತೂರಿಸಿ ನೋಡಿದರು. ಮೊಣಕೈವರೆಗೂ ಹೋಯಿತು.

"ಈ ಕದ ಯಾರು ಮಾಡಿದ್ದು?"

ಸರೋಜ ನನ್ನನ್ನು ನೋಡಿದಳು. ಅವ್ವ ನನ್ನನ್ನು ನೋಡಿದಳು.

"ಚಳ್ಳಕೆರೆ ಕಡೆಯ ಯಾರೋ ಬಡಗಿ," ಅಂದೆ. "ನಾನು ಊರಲ್ಲಿಲ್ಲದಾಗ ಬಂದು ಕೂರಿಸಿಹೋಗಿದ್ದಾನೆ."

"ಅವನಿಗೇನು ಅಳತೆ ತೆಗೆಯೋಕೂ ಬರಲ್ವಾ?"

"ಅಳತೆ ಇರಲಿ ಬಿಡ್ರಿ, ಅವನಿಗೆ ತಲೇನೇ ಇಲ್ಲ. ಹೆಂಡತಿ ಹೇಳಿದ್ದು ಕೇಳಲ್ಲ, ಗೊತ್ತಿಲ್ಲದ್ದಕ್ಕೆಲ್ಲ ಕೈ ಹಾಕ್ತಾನೆ, ಮೇಲೆ ಊರವರನ್ನೆಲ್ಲ ಕರೆದು ತೋರಿಸ್ತಾನೆ," ಅಂದೆ.

ರುದ್ರಪ್ಪನವರು ತಲೆದೂಗಿದರು. ಒಬ್ಬ ಬಡಗಿಯ ಬಗ್ಗೆ ನಾನು ಅಷ್ಟು ಸತ್ಯವಾಗಿ ಮಾತಾಡಿದ್ದು ಜೀವನದಲ್ಲಿ ಅದೊಂದೇ ಸಲ.